ದೊಡ್ಡವರನ್ನು ಕೊಂದವರಿಗೆ ಪೆರೋಲ್ ಸಿಗುತ್ತದೆ, ನಮ್ಮ ಹುಡುಗನಿಗೆ ಯಾಕಿಲ್ಲ?

ಪ್ರಶ್ನೆ: ನಮ್ಮ ತಮ್ಮ ಕೊಲೆ ಕೇಸಿನ್ಯಾಗ ಜೀವಾವಧಿ ಆಗಿ ಕಲಬುರಗಿ ಸೆಂಟ್ರಲ್ ಜೈಲಿನ್ಯಾಗ ಅದಾನ. ಅವ್ವಗ ಆರಾಮಿಲ್ಲ, ಒಮ್ಮೆ ಬಂದು ಮಾರಿ ತೋರಿಸಿ ಹೋಗಲಿ ಅಂತ ಪೆರೋಲಿಗೆ ಅರ್ಜಿ ಕೊಟ್ಟಿದ್ವಿ. ಊರಾಗ ಗಲಾಟಿ ಆಗ್ತದಂತ ಪೊಲೀಸರು ಬರದಾರ, ಅರ್ಜಿ ವಜಾ ಆಯ್ತು. ರಾಜೀವ್ ಗಾಂಧಿ ಕೊಲೆ ಕೇಸಿನಾಕಿಗಿ ಮಗಳ ಮದುವಿ ಅಂತ ತಿಂಗಳುಗಟ್ಲೆ ಹೊರಗ ಬಿಟ್ಟಿದ್ರಲ್ಲ? ಪ್ರಧಾನಿ ಆಗಿದ್ದವರನ್ನ ಕೊಂದ ಕೇಸಿಗೊಂದು ಕಾಯ್ದೆ, ನಮಗೊಂದು ಕಾಯ್ದೆ ಅದ ಏನ್ರಿ ಸರ್?
(ಸುರಪುರ ತಾಲ್ಲೂಕಿನ ಓದುಗರು)

ಉತ್ತರ: ಕಾಯ್ದೆ ಒಂದೇ ಅಕ್ಕಾವ್ರೆ. ಆದರೆ ನಿಮ್ಮ ತಮ್ಮನ ಅರ್ಜಿಗೆ ಬಂದ ಉತ್ತರ ಸರಿಯಾಗಿದೆ ಎಂದು ಇದರ ಅರ್ಥವಲ್ಲ. ಈ ಪ್ರಶ್ನೆ ಇನ್ನೊಂದು ರೂಪದಲ್ಲೂ ಬರುತ್ತದೆ. ರಾಜಕೀಯ ಹತ್ಯೆಯ ಕೈದಿಯೊಬ್ಬರು ಹೊರಗೆ ಬಂದ ಸುದ್ದಿ ಕಂಡಾಗಲೆಲ್ಲ, "ಅಂಥವರನ್ನ ಯಾಕ ಬಿಡ್ತಾರ?" ಎಂದು ಸಿಟ್ಟಿನಿಂದ ಕೇಳುವವರಿದ್ದಾರೆ. ನಿಮ್ಮದು ನೋವಿನ ಪ್ರಶ್ನೆ, ಅವರದು ಸಿಟ್ಟಿನದು. ಎರಡರ ಹಿಂದೆಯೂ ಇರುವ ನಂಬಿಕೆ ಒಂದೇ: ದೊಡ್ಡ ಕೇಸಿನವರಿಗೆ ಬಾಗಿಲು ಸುಲಭವಾಗಿ ತೆರೆಯುತ್ತದೆ ಎಂಬುದು. ನಿಜದಲ್ಲಿ ಹಾಗಿಲ್ಲ.

ನೀವು ಹೇಳಿದ ನಳಿನಿ ಪ್ರಕರಣವನ್ನೇ ನೋಡೋಣ. 1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ಹತ್ಯೆ ನಡೆಯಿತು, ಜೂನ್‌ನಲ್ಲಿ ಆಕೆಯ ಬಂಧನವಾಯಿತು. ಮಗಳ ಮದುವೆಗೆ ಸಿದ್ಧತೆ ಮಾಡಬೇಕೆಂದು ಆಕೆ ಆರು ತಿಂಗಳ ರಜೆ ಕೇಳಿದ್ದರು. ಮದ್ರಾಸ್ ಹೈಕೋರ್ಟ್‌ನಲ್ಲಿ ತಾನೇ ನಿಂತು ವಾದಿಸಿದರು. 2019ರ ಜುಲೈನಲ್ಲಿ ಕೋರ್ಟ್ ಕೊಟ್ಟದ್ದು ಒಂದು ತಿಂಗಳು. ಅದು ಮುಂದೆ ಮೂರು ವಾರ ವಿಸ್ತರಣೆಯಾಯಿತು. ವೆಲ್ಲೂರಿನ ಗೊತ್ತಾದ ಮನೆಯಲ್ಲೇ ಇರಬೇಕು, ಸಂದರ್ಶನ ಕೊಡಬಾರದು, ರಾಜಕಾರಣಿಗಳನ್ನು ಭೇಟಿಯಾಗಬಾರದು ಎಂಬ ಷರತ್ತುಗಳಿದ್ದವು, ಪೊಲೀಸ್ ಕಾವಲೂ ಇತ್ತು. ಅಷ್ಟು ಹೊತ್ತಿಗೆ ಆಕೆ ಒಳಗೆ 28 ವರ್ಷ ಕಳೆದಿದ್ದರು. ಸೆಪ್ಟೆಂಬರ್‌ನಲ್ಲಿ ವಾಪಸ್ ಜೈಲಿಗೆ ಹೋದರು. ಅದೇ ಪ್ರಕರಣದ ಪೇರರಿವಾಳನ್‌ಗೆ ಮೊದಲ ಪೆರೋಲ್ ಸಿಕ್ಕಿದ್ದು 2017ರಲ್ಲಿ, ತಂದೆಯ ಅನಾರೋಗ್ಯದ ಕಾರಣಕ್ಕೆ. ಬಂಧನವಾಗಿ 26 ವರ್ಷ ಆಗಿತ್ತು.

ಪಂಜಾಬಿನದು ಇನ್ನೂ ಬಿಗಿ. ಮುಖ್ಯಮಂತ್ರಿ ಬೇಅಂತ್ ಸಿಂಗ್ ಅವರನ್ನು 1995ರ ಆಗಸ್ಟ್ 31ರಂದು ಚಂಡೀಗಢದಲ್ಲಿ ಆತ್ಮಾಹುತಿ ಬಾಂಬ್ ಸ್ಫೋಟದಲ್ಲಿ ಕೊಂದ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾದ ಬಲವಂತ್ ಸಿಂಗ್ ರಾಜೋಆಣಾ 2024ರ ನವೆಂಬರ್‌ನಲ್ಲಿ ಅಣ್ಣನ ಉತ್ತರಕ್ರಿಯೆಗೆ ಹೊರಗೆ ಬಂದದ್ದು ಮೂರೇ ಗಂಟೆ. ಪೊಲೀಸರ ನಡುವೆ ಹೋಗಿ, ಪೊಲೀಸರ ನಡುವೆಯೇ ಮರಳಿದರು.

ಇಲ್ಲೊಂದು ಗೊಂದಲ ಬಿಡಿಸಲೇಬೇಕು, ಟಿವಿ ಚರ್ಚೆಗಳು ಇದನ್ನು ದಿನವೂ ಕಲಸಿಬಿಡುತ್ತವೆ. ನಮ್ಮಲ್ಲಿ ಪೆರೋಲ್ ಎಂದರೆ ಬಿಡುಗಡೆ ಅಲ್ಲ. ಮನೆಯಲ್ಲಿ ಸಾವು, ಕಾಯಿಲೆ, ಮದುವೆ, ಹೊಲದ ಕೆಲಸ ಇಂಥ ಒಂದು ಕಾರಣಕ್ಕಾಗಿ ಕೊಡುವ ರಜೆ ಅದು. ಶಿಕ್ಷೆ ಹಾಗೇ ನಿಂತಿರುತ್ತದೆ. ಫರ್ಲೋ ಎಂಬ ಇನ್ನೊಂದು ಬಗೆಯ ರಜೆಗೆ ಕಾರಣವೂ ಬೇಕಿಲ್ಲ, ಬಹಳ ವರ್ಷ ಒಳಗಿದ್ದವರು ಸಂಸಾರದ ನಂಟು ಕಳೆದುಕೊಳ್ಳದಿರಲಿ ಎಂದು ಆಗಾಗ ಕೊಡುವಂಥದ್ದು. ಶಿಕ್ಷೆಯನ್ನೇ ಕಡಿಮೆ ಮಾಡಿ ಮನೆಗೆ ಕಳಿಸುವುದು ಅವಧಿಪೂರ್ವ ಬಿಡುಗಡೆ. ಸಂವಿಧಾನದ 72 ಮತ್ತು 161ನೇ ವಿಧಿಗಳಡಿ ರಾಷ್ಟ್ರಪತಿ, ರಾಜ್ಯಪಾಲರು ಕೊಡುವುದು ಕ್ಷಮಾದಾನ. ಅಮೆರಿಕ, ದಕ್ಷಿಣ ಆಫ್ರಿಕಾದ ಸುದ್ದಿಗಳಲ್ಲಿ ಬರುವ ಪೆರೋಲ್ ಇವ್ಯಾವುವೂ ಅಲ್ಲ. ಅಲ್ಲಿ ಕೈದಿ ಉಳಿದ ಶಿಕ್ಷೆಯನ್ನು ಹೊರಗಡೆ, ನಿಗಾ ಅಡಿಯಲ್ಲಿ ಕಳೆಯುತ್ತಾನೆ. ಆ ಸುದ್ದಿಯ ಸಿಟ್ಟನ್ನು ತಂದು ಇಲ್ಲಿನ ಹದಿನೈದು ದಿನದ ರಜೆಯ ಮೇಲೆ ಹಾಕಿದರೆ ಅನ್ಯಾಯವಾಗುತ್ತದೆ.

ನಿಮ್ಮ ತಮ್ಮನಂಥವರಿಗೆ ಅನ್ವಯಿಸುವ ಕಾನೂನಿನ ಒಂದು ದೊಡ್ಡ ಭಾಗ ಹುಟ್ಟಿದ್ದೇ ರಾಜಕೀಯ ಹತ್ಯೆಯ ಕೈದಿಯೊಬ್ಬನ ಅರ್ಜಿಯಿಂದ. ಗಾಂಧೀಜಿ ಹತ್ಯೆಯಲ್ಲಿ ಜೀವಾವಧಿ ಶಿಕ್ಷೆಯಾಗಿದ್ದ ಗೋಪಾಲ ಗೋಡ್ಸೆ ಸುಪ್ರೀಂ ಕೋರ್ಟಿಗೆ ಹೋದ. ಜೀವಾವಧಿ ಎಂದರೆ 20 ವರ್ಷ, ಒಳ್ಳೆಯ ನಡತೆಗೆ ಸಿಕ್ಕ ದಿನಗಳನ್ನು ಕೂಡಿಸಿದರೆ ನನ್ನ ಶಿಕ್ಷೆ ಮುಗಿದಿದೆ, ಬಿಡಿ ಎಂದು ವಾದಿಸಿದ. 1961ರ ಜನವರಿಯಲ್ಲಿ ಕೋರ್ಟ್ ಅದನ್ನು ಒಪ್ಪಲಿಲ್ಲ. ಜೀವಾವಧಿ ಎಂದರೆ ಜೀವ ಇರುವ ತನಕ, ಕಡಿತ ಮಾಡಬೇಕೋ ಬೇಡವೋ ಎಂಬುದು ಸರ್ಕಾರಕ್ಕೆ ಬಿಟ್ಟದ್ದು ಎಂದಿತು. "ಜೀವಾವಧಿ ಅಂದ್ರ ಹದಿನಾಲ್ಕು ವರ್ಷ" ಎಂದು ನಮ್ಮ ಹಳ್ಳಿಕಟ್ಟೆಗಳಲ್ಲಿ ಈಗಲೂ ಹೇಳುತ್ತಾರೆ, ಅದು ತಪ್ಪು. ಕೊಲೆಯಂಥ ಪ್ರಕರಣಗಳಲ್ಲಿ 14 ವರ್ಷ ಪೂರ್ತಿ ಒಳಗೆ ಕಳೆಯದೆ ಸರ್ಕಾರ ಬಿಡುವಂತಿಲ್ಲ ಎಂಬುದಷ್ಟೇ ನಿಯಮ, ಕಳೆದ ಮೇಲೆ ಬಿಡಲೇಬೇಕು ಎಂದಲ್ಲ.

ಆ ತೀರ್ಪಿನ ಮುಂದಿನ ಕಥೆಯನ್ನೂ ಹೇಳಬೇಕು, ಏಕೆಂದರೆ ಇಂಥವರನ್ನು ಹೊರಗೆ ಬಿಡುವುದನ್ನು ವಿರೋಧಿಸುವವರ ಅತಿ ಗಟ್ಟಿಯಾದ ವಾದ ಅದರಲ್ಲೇ ಇದೆ. 1964ರ ಅಕ್ಟೋಬರ್‌ನಲ್ಲಿ ಸರ್ಕಾರವೇ ಗೋಪಾಲ ಗೋಡ್ಸೆಯನ್ನು ಬಿಡುಗಡೆ ಮಾಡಿತು. ನವೆಂಬರ್‌ನಲ್ಲಿ ಪುಣೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟು ಸಮಾರಂಭ ಮಾಡಿದರು. ಗಾಂಧೀಜಿಯನ್ನು ಕೊಲ್ಲುವ ಮಾತು ತನಗೆ ಮೊದಲೇ ಗೊತ್ತಿತ್ತು ಎಂದು ಅಲ್ಲಿ ಒಬ್ಬರು ಆಡಿದ ಮಾತು ದೇಶವನ್ನೇ ಕದಡಿತು. ಗೋಡ್ಸೆಯನ್ನು ಮತ್ತೆ ಬಂಧಿಸಲಾಯಿತು, ಸಂಚಿನ ತನಿಖೆಗೆ ನ್ಯಾಯಮೂರ್ತಿ ಜೀವನಲಾಲ್ ಕಪೂರ್ ಆಯೋಗ ಬಂತು. ಇದು ಹಳೆಯ ಕಾಲದ ಮಾತಲ್ಲ. ಗೌರಿ ಲಂಕೇಶ್ ಹತ್ಯೆ ಪ್ರಕರಣದ ಇಬ್ಬರು ಆರೋಪಿಗಳಿಗೆ 2024ರ ಅಕ್ಟೋಬರ್‌ನಲ್ಲಿ ಜಾಮೀನು ಸಿಕ್ಕಾಗ ನಮ್ಮ ಪಕ್ಕದ ವಿಜಯಪುರದಲ್ಲಿ ಹಾರ ಹಾಕಿ ಸ್ವಾಗತಿಸಿದರು. ಅವರು ಆರೋಪಿಗಳು, ಅಪರಾಧಿಗಳೆಂದು ತೀರ್ಪಾಗಿಲ್ಲ, ಜಾಮೀನು ಕೇಳುವುದು ಅವರ ಹಕ್ಕು. ಹಾರ ಮಾತ್ರ ಯಾರ ಹಕ್ಕೂ ಅಲ್ಲ. ಆ ಫೋಟೊ ನೋಡಿದ ಗೌರಿ ಅವರ ಮನೆಯವರಿಗೆ ಹೇಗಾಗಿರಬೇಡ?

ರಾಜಕೀಯ ಹತ್ಯೆ ಬೇರೆಯಾಗುವುದು ಸತ್ತವರು ದೊಡ್ಡವರು ಎಂಬ ಕಾರಣಕ್ಕಲ್ಲ ಎಂದೇ ನಾನು ತಿಳಿದಿದ್ದೇನೆ. ಹೊಲದ ಬದುವಿನ ಜಗಳದಲ್ಲಿ ಕೊಂದವನನ್ನು ಯಾರೂ ಮೆರವಣಿಗೆ ಮಾಡುವುದಿಲ್ಲ. ಒಂದು ವಿಚಾರಕ್ಕಾಗಿ ಕೊಂದವನು ಹೊರಬಂದಾಗ ಆ ವಿಚಾರವೂ ಅವನ ಜೊತೆ ಹೊರಬಂದು ಕುಣಿಯುತ್ತದೆ, ಮುಂದಿನ ಹುಡುಗ ಅದನ್ನು ನೋಡುತ್ತಿರುತ್ತಾನೆ. ಹಾಗಾಗಿ ನಳಿನಿಗೆ ಹಾಕಿದಂಥ ಷರತ್ತುಗಳು ಸರಿಯೇ. ಆದರೆ ಮೆರವಣಿಗೆಯ ಭಯಕ್ಕೆ ಉತ್ತರ ಮೆರವಣಿಗೆ ತಡೆಯುವುದು. ಸಾಯುತ್ತಿರುವ ತಾಯಿಯ ಮುಖ ನೋಡದಂತೆ ತಡೆಯುವುದಲ್ಲ.

ದಕ್ಷಿಣ ಆಫ್ರಿಕಾ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿತು. ವರ್ಣಭೇದದ ವಿರುದ್ಧದ ಹೋರಾಟದಲ್ಲಿ ಮಂಡೇಲಾ ನಂತರದ ಸಾಲಿನಲ್ಲಿದ್ದ ನಾಯಕ ಕ್ರಿಸ್ ಹಾನಿಯನ್ನು 1993ರ ಏಪ್ರಿಲ್ 10ರಂದು ಅವರ ಮನೆಯ ಮುಂದೆಯೇ ಯಾನುಷ್ ವಾಲುಷ್ ಎಂಬಾತ ಗುಂಡಿಟ್ಟು ಕೊಂದ. ದೇಶ ಅಂದು ಅಂತರ್ಯುದ್ಧದ ಅಂಚಿನಲ್ಲಿತ್ತು. ಅವನ ಮರಣದಂಡನೆ ಜೀವಾವಧಿಯಾಯಿತು. ಅಪರಾಧ ಅತಿ ಘೋರ ಎಂಬ ಕಾರಣದ ಮೇಲೆ ಸಚಿವರು ಅವನಿಗೆ ಪೆರೋಲ್ ನಿರಾಕರಿಸಿದರು. 2022ರ ನವೆಂಬರ್ 21ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಆದೇಶವನ್ನು ರದ್ದು ಮಾಡಿತು. ಅಪರಾಧದ ಘೋರತೆ, ಶಿಕ್ಷೆ ಕೊಡುವಾಗ ನ್ಯಾಯಾಧೀಶರು ಆಡಿದ ಮಾತು, ಇವು ಇನ್ನು ಇಪ್ಪತ್ತು ವರ್ಷ ಕಳೆದರೂ ಬದಲಾಗುವಂಥವಲ್ಲ. ಅವನ್ನೇ ಕಾರಣ ಮಾಡುವುದಾದರೆ ಅವನಿಗೆ ಎಂದೂ ಪೆರೋಲ್ ಇಲ್ಲ ಎಂದಂತೆ, ಕಾನೂನು ಹಾಗೆ ಹೇಳಿಲ್ಲವಲ್ಲ ಎಂಬುದು ಆ ತೀರ್ಪಿನ ಸಾರ. ಹಾನಿ ಅವರ ಪತ್ನಿ ಲಿಂಪೋ ತೀರ್ಪನ್ನು ಉಗ್ರವಾಗಿ ಖಂಡಿಸಿದರು. ಎಂಟು ದಿನಕ್ಕೆ ಜೈಲಿನಲ್ಲೇ ವಾಲುಷ್‌ಗೆ ಚೂರಿ ಇರಿತವಾಯಿತು. ಆದರೂ ಡಿಸೆಂಬರ್‌ನಲ್ಲಿ ಬಿಟ್ಟರು. ಆ ತೀರ್ಪು ಕಾನೂನಿನ ಲೆಕ್ಕದಲ್ಲಿ ಸರಿ ಎಂದೇ ನನ್ನ ಅನಿಸಿಕೆ, ಲಿಂಪೋ ಅವರ ಸಿಟ್ಟೂ ನ್ಯಾಯವಾದದ್ದೇ.

ಅಮೆರಿಕದಲ್ಲಿ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧೆಗಿಳಿದಿದ್ದ ನಾಯಕ ರಾಬರ್ಟ್ ಕೆನಡಿಯನ್ನು 1968ರಲ್ಲಿ ಕೊಂದ ಸಿರ್ಹಾನ್ ಸಿರ್ಹಾನ್‌ನದು ಇನ್ನೊಂದು ದಾರಿ. 2021ರಲ್ಲಿ ಪೆರೋಲ್ ಮಂಡಳಿ ಬಿಡಬಹುದು ಎಂದಿತು. ಕೆನಡಿ ಅವರ ಮಕ್ಕಳೇ ಎರಡು ಪಾಲಾದರು, ಇಬ್ಬರು ಬಿಡಿ ಎಂದರು, ಹೆಚ್ಚಿನವರು ಬೇಡವೆಂದರು. ಮಾಡಿದ ಕೃತ್ಯದ ಹೊಣೆಯನ್ನು ಆತ ಇನ್ನೂ ಹೊತ್ತಿಲ್ಲ ಎಂದು ಹೇಳಿ ಕ್ಯಾಲಿಫೋರ್ನಿಯಾ ಗವರ್ನರ್ 2022ರ ಜನವರಿಯಲ್ಲಿ ತಡೆದರು.

ಮನೆಯವರ ಮಾತು ಬಂದಾಗ ನಮ್ಮ ಚರ್ಚೆಯಲ್ಲಿ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ನಳಿನಿಯ ಗಲ್ಲುಶಿಕ್ಷೆ 2000ದಲ್ಲಿ ಜೀವಾವಧಿಗೆ ಇಳಿಯುವುದಕ್ಕೆ ಸೋನಿಯಾ ಗಾಂಧಿ ಅವರ ಕೋರಿಕೆಯೂ ಕಾರಣವಾಗಿತ್ತು. ಪ್ರಿಯಾಂಕಾ 2008ರಲ್ಲಿ ಜೈಲಿಗೆ ಹೋಗಿ ಆಕೆಯನ್ನು ಭೇಟಿಯಾದರು. ದೊಡ್ಡ ಮನಸ್ಸು ಅದು, ನಿಜ. ಆದರೆ ಶ್ರೀಪೆರಂಬದೂರಿನಲ್ಲಿ ಸತ್ತದ್ದು ರಾಜೀವ್ ಒಬ್ಬರೇ ಅಲ್ಲ. ಹತ್ತಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಬಂದೋಬಸ್ತಿಗೆ ನಿಂತ ಪೊಲೀಸರೂ ಇದ್ದರು. ಅವರ ಹೆಂಡಿರು ಮಕ್ಕಳ ಪರವಾಗಿ ಗಾಂಧಿ ಕುಟುಂಬ ಕ್ಷಮಿಸಲು ಬರುವುದಿಲ್ಲ. 2022ರ ಮೇನಲ್ಲಿ ಪೇರರಿವಾಳನ್ ಬಿಡುಗಡೆಯಾದಾಗ ತಮಿಳುನಾಡಿನ ಮುಖ್ಯಮಂತ್ರಿ ಅಪ್ಪಿಕೊಂಡು ಬರಮಾಡಿಕೊಂಡರು. ಸುಪ್ರೀಂ ಕೋರ್ಟಿನ ನವೆಂಬರ್ 11ರ ಆದೇಶದಂತೆ ಉಳಿದ ಆರು ಮಂದಿಯೂ ಬಿಡುಗಡೆಯಾದರು. ಆ ಸಂಭ್ರಮದಲ್ಲಿ ಸತ್ತ ಕಾನ್‌ಸ್ಟೆಬಲ್‌ಗಳ ಮನೆಗೆ ಯಾವ ಮುಖಂಡರು ಹೋಗಿ ಕೂತರು?

ಈಗ ನಿಮ್ಮ ಅರ್ಜಿಯ ವಿಷಯಕ್ಕೆ ಬರುತ್ತೇನೆ. ಪೆರೋಲ್ ಹಕ್ಕಲ್ಲ. ಆದರೆ ಕಾರಣವಿಲ್ಲದೆ ತಳ್ಳಿಹಾಕುವಂತೆಯೂ ಇಲ್ಲ. 2017ರ ಅಸ್ಫಾಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಅರ್ಜಿದಾರ ರೈಲುಗಳಲ್ಲಿ ಬಾಂಬ್ ಸ್ಫೋಟಿಸಿದ ಪ್ರಕರಣದಲ್ಲಿ ಭಯೋತ್ಪಾದನೆ ತಡೆಗಿದ್ದ ಟಾಡಾ ಕಾಯ್ದೆಯಡಿ ಶಿಕ್ಷೆಯಾದವನು, ಅವನ ಕೋರಿಕೆಗೆ ಕೋರ್ಟ್ ಒಪ್ಪಲೂ ಇಲ್ಲ. ಆದರೂ ಅಪರಾಧ ಯಾವುದು ಎಂಬ ಒಂದೇ ಕಾರಣಕ್ಕೆ ಪೆರೋಲ್ ನಿರಾಕರಿಸಬಾರದು, ಬಹುಕಾಲ ಒಳಗಿದ್ದವರಿಗೆ ಕೊಡಬಹುದು, ಗಂಭೀರ ಅಪರಾಧವಾದರೆ ನಡತೆ ಮತ್ತು ಅಪಾಯವನ್ನು ಹೆಚ್ಚು ಕಟ್ಟುನಿಟ್ಟಾಗಿ ನೋಡಿ ಎಂದಿತು. ಕರ್ನಾಟಕ ಹೈಕೋರ್ಟ್ ಕೊಲೆ ಅಪರಾಧಿಯೊಬ್ಬನಿಗೆ ಮದುವೆಯಾಗಲು 2023ರಲ್ಲಿ 15 ದಿನ, ಇನ್ನೊಬ್ಬನಿಗೆ ಹೊಲದ ಕೆಲಸಕ್ಕೆಂದು 2024ರಲ್ಲಿ 90 ದಿನ ಪೆರೋಲ್ ಕೊಟ್ಟಿದೆ.

"ಊರಾಗ ಗಲಾಟಿ ಆಗ್ತದ" ಎಂಬ ಒಂದು ಸಾಲಿನ ಪೊಲೀಸ್ ವರದಿಯೇ ನಮ್ಮ ಭಾಗದಲ್ಲಿ ಹೆಚ್ಚಿನ ಅರ್ಜಿಗಳನ್ನು ಮುಳುಗಿಸುವುದು, ನನಗೆ ಬೇಸರವಿರುವುದೂ ಅದರ ಬಗ್ಗೆಯೇ. ಮಾಜಿ ಪ್ರಧಾನಿಯ ಹತ್ಯೆಯ ಕೈದಿಯನ್ನು ಷರತ್ತು ಹಾಕಿ ಏಳು ವಾರ ಹೊರಗಿಟ್ಟು ಶಾಂತಿಯಿಂದ ವಾಪಸ್ ಕರೆತರಲು ಒಂದು ವ್ಯವಸ್ಥೆಗೆ ಸಾಧ್ಯವಾದರೆ, ಸುರಪುರದ ಒಂದು ಹಳ್ಳಿಯಲ್ಲಿ ಒಬ್ಬ ಹುಡುಗನನ್ನು ಒಂದು ವಾರ ಕಾಯುವುದು ಅಸಾಧ್ಯವೇನಲ್ಲ. ಹಾಗೆಂದು ವರದಿ ಸುಳ್ಳು ಎಂದೂ ಹೇಳಲಾರೆ. ನಮ್ಮಲ್ಲಿ ಸತ್ತವರ ಮನೆ ಎರಡು ಓಣಿ ಆಚೆಗೇ ಇರುತ್ತದೆ. ಆ ಮನೆಯ ತಾಯಿ ಅವನನ್ನು ಬಾವಿಕಟ್ಟೆಯಲ್ಲಿ ಎದುರಿಗೆ ಕಾಣಬೇಕಾಗುತ್ತದೆ. ಅವರ ಹೆದರಿಕೆಗೂ ಬೆಲೆ ಇದೆ.

ಹಾಗಾಗಿ ಮುಂದಿನ ಅರ್ಜಿಯಲ್ಲಿ ಆ ಹೆದರಿಕೆಗೆ ನೀವೇ ಉತ್ತರ ಕೊಡಿ. ಊರಿಗೆ ಬರುವುದಿಲ್ಲ, ಯಾದಗಿರಿಯಲ್ಲೋ ಕಲಬುರಗಿಯಲ್ಲೋ ಇರುವ ಸಂಬಂಧಿಕರ ಮನೆಯಲ್ಲಿ ಇರುತ್ತಾನೆ, ಅವ್ವನನ್ನು ಅಲ್ಲಿಗೇ ಕರೆತರುತ್ತೇವೆ, ದಿನವೂ ಠಾಣೆಯಲ್ಲಿ ಸಹಿ ಮಾಡುತ್ತಾನೆ ಎಂದು ಬರೆಯಿರಿ. ಜಾಮೀನುದಾರರ ಹೆಸರು, ಮನೆಯ ಪೂರ್ತಿ ವಿಳಾಸ ಕೊಡಿ. ಅವ್ವನ ಕಾಯಿಲೆಗೆ ಸರ್ಕಾರಿ ಆಸ್ಪತ್ರೆಯ ವೈದ್ಯರ ಪ್ರಮಾಣಪತ್ರ ಇರಲಿ. ಮೊದಲ ಅರ್ಜಿ ತಿರಸ್ಕರಿಸಿದ ಆದೇಶದ ಪ್ರತಿಯನ್ನು ಜೈಲು ಅಧೀಕ್ಷಕರ ಕಚೇರಿಯಿಂದ ಪಡೆದುಕೊಳ್ಳಿ, ಅದಿಲ್ಲದೆ ಮುಂದಿನ ಹೆಜ್ಜೆ ಕಷ್ಟ.

ಎರಡನೆಯ ಸಲವೂ ಆಗಲಿಲ್ಲವೆಂದರೆ ಆ ಆದೇಶವನ್ನು ಪ್ರಶ್ನಿಸಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ಅದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಿಲ್ಲ, 2013ರಿಂದ ಕಲಬುರಗಿಯಲ್ಲೇ ಹೈಕೋರ್ಟಿನ ಕಾಯಂ ಪೀಠ ಇದೆ, ಯಾದಗಿರಿ, ಬೀದರ್ ಎರಡೂ ಅದರ ವ್ಯಾಪ್ತಿಗೆ ಬರುತ್ತವೆ. ವಕೀಲರ ಫೀಸಿಗೆ ಹೊಲ ಅಡವಿಡಬೇಡಿ. ಜೈಲಿನಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಕೊಟ್ಟ ಹಕ್ಕು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ನಿಮ್ಮ ತಮ್ಮ ಒಳಗಿನಿಂದಲೇ ಅರ್ಜಿ ಕಳಿಸಬಹುದು. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ನೀವೇ ಫೋನ್ ಮಾಡಬಹುದು.

ಪೆರೋಲ್ ಸಿಕ್ಕರೆ ಹೇಳಿದ ದಿನ, ಹೇಳಿದ ಹೊತ್ತಿಗೆ ಮುಂಚೆಯೇ ಅವನನ್ನು ಗೇಟಿಗೆ ಮುಟ್ಟಿಸಿ. ತಡವಾದರೆ ಹೊಸ ಕೇಸು ಬೀಳಬಹುದು, ಮುಂದಿನ ರಜೆಯೂ ಹೋಗುತ್ತದೆ. ಇನ್ನೊಂದು ಲೆಕ್ಕ ಅವನಿಗೆ ಮೊದಲೇ ತಿಳಿಸಿರಿ: ಹೊರಗೆ ಕಳೆದ ಪೆರೋಲಿನ ದಿನಗಳು ಆ 14 ವರ್ಷದೊಳಗೆ ಸೇರುವುದಿಲ್ಲ ಎಂದು ಗೋವಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಅವ್ವನ ಜೊತೆ ಕಳೆದಷ್ಟು ದಿನ ಬಿಡುಗಡೆಯ ಅರ್ಜಿ ಮುಂದಕ್ಕೆ ಹೋಗುತ್ತದೆ.