ಗೂಡಿನಲ್ಲಿ ಹುಟ್ಟಿದ ಬಣ್ಣ

ಇಂಗ್ಲೆಂಡಿನ ದಕ್ಷಿಣದಲ್ಲಿ, ಹ್ಯಾಂಪ್‌ಶೈರ್‌ನ ನ್ಯೂ ಫಾರೆಸ್ಟ್ ಕಾಡಿನ ನಡುವೆ ಲಿಂಡ್‌ಹರ್ಸ್ಟ್ ಅನ್ನೋ ಹಳ್ಳಿ ಇದೆ. ಅಲ್ಲಿನ ಸೇಂಟ್ ಮೈಕೇಲ್ ಅಂಡ್ ಆಲ್ ಏಂಜಲ್ಸ್ ಚರ್ಚಿಗೆ ತುಂಬಾ ಜನ ಬರೋದು ಒಂದು ಸಮಾಧಿ ನೋಡಲು. ಜಗತ್ತಿನ ಮಕ್ಕಳಿಗೆಲ್ಲ ಗೊತ್ತಿರುವ ಆಲಿಸ್ ಕಥೆಗೆ ಸ್ಫೂರ್ತಿಯಾದ ಆಲಿಸ್ ಲಿಡೆಲ್ ಅವರ ಸಮಾಧಿ ಅದು. ಒಳಗೆ ಹೋದವರು ಫ್ರೆಡರಿಕ್ ಲೇಟನ್ ಬರೆದ ಹತ್ತು ಕನ್ಯೆಯರ ದೊಡ್ಡ ಗೋಡೆಚಿತ್ರದ ಮುಂದೆ ನಿಲ್ಲುತ್ತಾರೆ. ಚಿತ್ರವಿಲ್ಲದ ಗೋಡೆಯನ್ನು ನೋಡುವವರು ಕಮ್ಮಿ. ಇದು ನನಗೆ ಬೇಜಾರಿನ ವಿಷಯ. ಆ ಕಟ್ಟಡದ ಅಸಲಿ ಸೊಗಸು ಇರುವುದೇ ಅದರ ಇಟ್ಟಿಗೆಯಲ್ಲಿ.

ವಾಸ್ತುಶಿಲ್ಪಿ ವಿಲಿಯಂ ವೈಟ್. ಕೆಲಸ ಶುರುವಾಗಿದ್ದು 1858ರಲ್ಲಿ. ಸುತ್ತಮುತ್ತ ಒಳ್ಳೆ ಕಟ್ಟಡ ಕಲ್ಲು ಸಿಗದು, ಜೇಡಿಮಣ್ಣು ಮಾತ್ರ ಬೇಕಾದಷ್ಟಿದೆ. ವೈಟ್ ಇಟ್ಟಿಗೆಯಲ್ಲೇ ಕಟ್ಟಿದರು, ಒಳಗೋಡೆಗೂ ಗಾರೆ ಬಳಿಯಲಿಲ್ಲ. ಕೆಂಪು, ಹಳದಿ, ಬಿಳಿ ಇಟ್ಟಿಗೆಗಳು ಪಟ್ಟೆಪಟ್ಟೆಯಾಗಿ, ಕಮಾನಿನ ಸುತ್ತ ಒಂದು ಬಿಟ್ಟು ಒಂದರಂತೆ ಹಾಗೇ ಕಾಣುತ್ತವೆ. ಆ ಇಟ್ಟಿಗೆಗಳಿಗೆ ಯಾರೂ ಬಣ್ಣ ಹಚ್ಚಿಲ್ಲ.

ಹಾಗಾದರೆ ಬಣ್ಣ ಬಂದಿದ್ದು ಎಲ್ಲಿಂದ? ಕಬ್ಬಿಣದಿಂದ. ಜೇಡಿಮಣ್ಣಿನಲ್ಲಿ ನೂರಕ್ಕೆ ಕೆಲವೇ ಭಾಗ ಕಬ್ಬಿಣ ಇದ್ದರೂ ಸಾಕು. ಗೂಡಿನ ಬಿಸಿ 900–1000 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ಒಳಗೆ ಗಾಳಿ ಚೆನ್ನಾಗಿ ಆಡುತ್ತಿದ್ದರೆ ಆ ಕಬ್ಬಿಣ ಆಮ್ಲಜನಕದ ಜೊತೆ ಸೇರಿ ಹೆಮಟೈಟ್ ಆಗುತ್ತದೆ. ಅದರ ಬಣ್ಣ ಕೆಂಪು. ಲಿಂಡ್‌ಹರ್ಸ್ಟ್‌ನಲ್ಲಿ ಇನ್ನೂ ಚರ್ಚಿನ ಕೆಲಸ ನಡೆಯುತ್ತಿದ್ದಾಗಲೇ, 1865ರಲ್ಲಿ, ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತು. ನಮ್ಮ ಮಂಗಳೂರು ಹೆಂಚಿನ ಕೆಂಪೂ ಇದೇ ಹೆಮಟೈಟ್.

ಈಗ ಅದೇ ಮಣ್ಣನ್ನು ಗಾಳಿ ಕಟ್ಟಿ ಸುಡಿ. ಊದದೆ ಬಿಟ್ಟ ಸೌದೆ ಒಲೆಯ ಹಾಗೆ ಗೂಡು ಹೊಗೆಯಾಡುತ್ತದೆ. ಉರಿಯುವ ಇಂಗಾಲಕ್ಕೆ ಆಮ್ಲಜನಕ ಸಾಲದೆ ಕಬ್ಬಿಣದ ಹತ್ತಿರ ಇದ್ದದ್ದನ್ನೂ ಕಿತ್ತುಕೊಳ್ಳುತ್ತದೆ. ಆಮ್ಲಜನಕ ಕಳೆದುಕೊಂಡ ಕಬ್ಬಿಣ ಕಪ್ಪಾಗುತ್ತದೆ. ಅಷ್ಟೇ ಅಲ್ಲ, ಮಣ್ಣಿನಲ್ಲಿರುವ ಸಿಲಿಕಾ, ಅಂದರೆ ಮರಳಿನ ಮೂಲವಸ್ತು, ಬೇಗ ಕರಗಲು ನೆರವಾಗುತ್ತದೆ. ಇಟ್ಟಿಗೆಯ ಒಳಗಿನ ಸಣ್ಣ ತೂತುಗಳೆಲ್ಲ ಗಾಜಿನಿಂದ ತುಂಬಿಕೊಳ್ಳುತ್ತವೆ. ಸ್ಟಾಫರ್ಡ್‌ಶೈರ್‌ನ ಹೆಸರಾಂತ ನೀಲಿ ಇಟ್ಟಿಗೆ ಹುಟ್ಟುವುದು ಹೀಗೆ. ನೀರು ಒಳಗಿಳಿಯದ ಇಟ್ಟಿಗೆ ಅದು. ರೈಲ್ವೆ ಸೇತುವೆಗೆ ಎಂಜಿನಿಯರುಗಳು ಅದನ್ನೇ ಹುಡುಕಿಕೊಂಡು ಹೋದರು.

ಇದನ್ನು ನೋಡಲು ಇಂಗ್ಲೆಂಡಿಗೆ ಹೋಗಬೇಕಿಲ್ಲ. ನಮ್ಮಲ್ಲೇ ಮುರಿದು ಬಿದ್ದ ಇಟ್ಟಿಗೆಯೊಂದನ್ನು ಎತ್ತಿ ನೋಡಿ. ಅಂಚು ಕೆಂಪು, ನಡುವೆ ಬೂದು ಅಥವಾ ಕಪ್ಪು ತಿರುಳು. ಅಂಚಿನವರೆಗೆ ಆಮ್ಲಜನಕ ಬಂದಿದೆ, ತಿರುಳು ತಲುಪುವ ಮೊದಲೇ ಬೆಂಕಿ ಆರಿದೆ. ಕೆಂಪು ಕಪ್ಪು ಸೇರುವ ಆ ಗೆರೆ, ಗಾಳಿ ಎಲ್ಲಿವರೆಗೆ ನುಗ್ಗಿತು ಅನ್ನೋದರ ಗುರುತು.

ಹಳದಿ ಮತ್ತು ಬಿಳಿಗೆ ಕಾರಣ ಸುಣ್ಣ. ಮಣ್ಣಿನಲ್ಲಿ ಸೀಮೆಸುಣ್ಣದ ಕಲ್ಲು ನುಣ್ಣಗೆ ಬೆರೆತಿದ್ದರೆ, ಸುಮಾರು 800 ಡಿಗ್ರಿ ದಾಟಿದ ಮೇಲೆ ಅದು ಇಂಗಾಲದ ಡೈ ಆಕ್ಸೈಡ್ ಬಿಟ್ಟು ಸುಟ್ಟ ಸುಣ್ಣವಾಗುತ್ತದೆ. ಅದು ಸಿಲಿಕಾ ಜೊತೆ ಸೇರಿ ಹೊಸ ಹರಳು ಕಟ್ಟುವಾಗ ಕಬ್ಬಿಣವನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. ಕಬ್ಬಿಣ ಅಲ್ಲೇ ಇದೆ, ಆದರೆ ಹೆಮಟೈಟ್ ಆಗಲು ಅದಕ್ಕೆ ಬಿಡುವಿಲ್ಲ. ಕೇಂಬ್ರಿಜ್ ಕಡೆಯ ಗಾಲ್ಟ್ ಮಣ್ಣಿನ ತೆಳು ಹಳದಿ ಇಟ್ಟಿಗೆಯ ಗುಟ್ಟು ಇದೇ. ಲಂಡನ್ನಿನ ಹಳದಿ ಇಟ್ಟಿಗೆಗಂತೂ ಸುಣ್ಣದ ಜೊತೆ ಊರಿನ ಒಲೆಗಳ ಬೂದಿಯನ್ನೂ ಜರಡಿ ಹಿಡಿದು ಕಲಸುತ್ತಿದ್ದರು. ಬೂದಿಯಲ್ಲಿ ಉಳಿದ ಇದ್ದಿಲು ಉರಿದು ಇಟ್ಟಿಗೆಯನ್ನು ಒಳಗಿನಿಂದಲೇ ಬೇಯಿಸುತ್ತಿತ್ತು. ಎಂಥಾ ಜಾಣತನ ನೋಡಿ!

ಇಷ್ಟು ಬಣ್ಣದ ಆಟಕ್ಕೆ ಆ ಕಾಲವೇ ಯಾಕೆ ಬೇಕಾಯಿತು? ಒಂದು ಕಾರಣ ತೆರಿಗೆ. ಅಮೆರಿಕದ ಯುದ್ಧದ ಖರ್ಚು ತುಂಬಿಸಲು ಬ್ರಿಟಿಷ್ ಸರ್ಕಾರ 1784ರಲ್ಲಿ ಇಟ್ಟಿಗೆಯ ಮೇಲೆ ಸಾವಿರಕ್ಕೆ ಇಷ್ಟು ಅಂತ ತೆರಿಗೆ ಹಾಕಿತು. ಜನ ಸುಮ್ನೆ ಇರ್ತಾರಾ? ಇಟ್ಟಿಗೆಯ ಗಾತ್ರವನ್ನೇ ದೊಡ್ಡದು ಮಾಡಿದರು. ಸರ್ಕಾರ ದೊಡ್ಡ ಇಟ್ಟಿಗೆಗೆ ಜಾಸ್ತಿ ತೆರಿಗೆ ಹಾಕಿತು. ಕೊನೆಗೆ 1850ರಲ್ಲಿ ತೆರಿಗೆಯೇ ಹೋಯಿತು. ಅದೇ ವರ್ಷ ವಿಲಿಯಂ ಬಟರ್‌ಫೀಲ್ಡ್ ಲಂಡನ್ನಿನ ಮಾರ್ಗರೆಟ್ ಸ್ಟ್ರೀಟ್‌ನಲ್ಲಿ ಆಲ್ ಸೇಂಟ್ಸ್ ಚರ್ಚು ಶುರು ಮಾಡಿ, ಕೆಂಪು ಗೋಡೆಗೆ ಕಪ್ಪು ಇಟ್ಟಿಗೆಯ ಪಟ್ಟೆ ಹಾಕಿದರು. ಬಣ್ಣ ಗೋಡೆಯ ಮೈಯಲ್ಲೇ ಇರಬೇಕು, ಮೇಲೆ ಮೆತ್ತಬಾರದು ಅನ್ನೋದು ಆ ಪೀಳಿಗೆಯ ಹಟ. ರೈಲು ಬೇರೆ ಬಂದಿತ್ತು. ದೂರದ ಮಣ್ಣಿನ ಇಟ್ಟಿಗೆ ಹಳ್ಳಿಗೂ ಮುಟ್ಟತೊಡಗಿತು. ನನ್ನ ಕಣ್ಣಿಗೆ ಬಟರ್‌ಫೀಲ್ಡ್ ಗೋಡೆ ಗುಡುಗುತ್ತದೆ, ವೈಟ್ ಗೋಡೆ ಮಾತಾಡುತ್ತದೆ. ನನಗೆ ಲಿಂಡ್‌ಹರ್ಸ್ಟೇ ಹೆಚ್ಚು ಇಷ್ಟ.

ಇಷ್ಟೆಲ್ಲ ಹೇಳಿದ್ದಕ್ಕೆ ಇನ್ನೊಂದು ಕಾರಣವಿದೆ. ಮನೆ ಕಟ್ಟಿಸುವಾಗ ನಮ್ಮವರು ಇಟ್ಟಿಗೆಯ ಬಣ್ಣ ನೋಡಿಯೇ ತೀರ್ಪು ಕೊಡುತ್ತಾರೆ. ಕೆಂಪಗಿದ್ದರೆ ಗಟ್ಟಿ, ಬಿಳಿಚಿಕೊಂಡಿದ್ದರೆ ಹಸಿ. ಒಂದೇ ಮಣ್ಣು, ಒಂದೇ ಗೂಡು ಆದರೆ ಈ ಮಾತು ಒಂದು ಮಟ್ಟಿಗೆ ಸರಿ. ಮಣ್ಣು ಬದಲಾದರೆ ಇದು ಬರೀ ನಂಬಿಕೆ. ಲಿಂಡ್‌ಹರ್ಸ್ಟ್‌ನಲ್ಲಿ ಬಿಳಿ ಇಟ್ಟಿಗೆ ಕೆಂಪಿನ ಪಕ್ಕದಲ್ಲೇ ಒಂದೂವರೆ ಶತಮಾನದಿಂದ ಭಾರ ಹೊತ್ತು ನಿಂತಿದೆ ಅಲ್ವಾ?

ಎರಡು ಇಟ್ಟಿಗೆ ತಗೊಂಡು ಒಂದಕ್ಕೊಂದು ಬಡಿಯಿರಿ. ಚೆನ್ನಾಗಿ ಬೆಂದಿದ್ದರೆ ಠಣ್ ಅನ್ನುತ್ತದೆ. ಒಣ ಇಟ್ಟಿಗೆಯನ್ನು ತೂಗಿ, 24 ಗಂಟೆ ನೀರಲ್ಲಿಟ್ಟು, ಮತ್ತೆ ತೂಗಿ. ಭಾರತೀಯ ಮಾನದಂಡದ ಪ್ರಕಾರ ನಮ್ಮ ಮಾಮೂಲಿ ಇಟ್ಟಿಗೆ ಕುಡಿದ ನೀರು ಅದರ ಒಣ ತೂಕದ ಶೇ. 20 ದಾಟಬಾರದು. ಮುರಿದ ಮುಖದಲ್ಲಿ ಬಿಳಿ ಸುಣ್ಣದ ಗಂಟು ಕಂಡರೆ ಆ ಲೋಡನ್ನು ವಾಪಸ್ ಕಳಿಸಿ. ನುಣ್ಣಗೆ ಬೆರೆತ ಸುಣ್ಣ ಬಣ್ಣ ಕೊಡುತ್ತದೆ. ಗಂಟಾಗಿ ಉಳಿದ ಸುಣ್ಣ ಮಾತ್ರ ಗೋಡೆ ಸೇರಿದ ಮೇಲೆ ತೇವ ಹೀರಿ ಉಬ್ಬಿ, ಇಟ್ಟಿಗೆಯ ಮುಖವನ್ನೇ ಚಕ್ಕೆಯೆಬ್ಬಿಸಿ ಬೀಳಿಸುತ್ತದೆ.