ಐರ್ಲೆಂಡಿನ ಬ್ಯಾರಕ್ಕಿನಿಂದ ನಮ್ಮೂರ ಠಾಣೆಗೆ

ಠಾಣೆಯ ಮೆಟ್ಟಿಲು ಹತ್ತಬೇಕು ಅಂದರೆ ನಮ್ಮಲ್ಲಿ ಬಹಳ ಜನರಿಗೆ ಎದೆ ಡವಗುಟ್ಟುತ್ತದೆ. ಪರ್ಸ್ ಕಳೆದುಕೊಂಡು ದೂರು ಕೊಡಲು ಹೋದವರಿಗೂ ಅಷ್ಟೇ. ಜೊತೆಗೆ ಪರಿಚಯದವರು ಯಾರಾದರೂ ಬಂದರೆ ಒಳ್ಳೆಯದು ಎಂದುಕೊಳ್ಳುತ್ತೇವೆ, ಅಲ್ವಾ? ಈ ಅಳುಕಿಗೆ ಇನ್ನೂರು ವರ್ಷದ ಚರಿತ್ರೆ ಇದೆ. ಅದು ಶುರುವಾಗುವುದು ಐರ್ಲೆಂಡಿನಲ್ಲಿ.

ಸೈನ್ಯದಂತೆ ಕಟ್ಟಿ, ಬಂದೂಕು ಕೊಟ್ಟು, ಪೊಲೀಸ್ ಕೆಲಸಕ್ಕೆ ಬಿಡುವ ಪಡೆಗೆ ಯುರೋಪಿನಲ್ಲಿ ಜೆಂಡಾರ್ಮರಿ ಎನ್ನುತ್ತಾರೆ. ಮೂಲ ಫ್ರೆಂಚ್ ಪದಕ್ಕೆ 'ಆಯುಧ ಹಿಡಿದವರು' ಎಂದು ಅರ್ಥ. ಫ್ರಾನ್ಸಿನಲ್ಲಿ 1791ರಿಂದ ಈ ಹೆಸರಿನ ಪಡೆ ಇದೆ. ಬ್ರಿಟಿಷರಿಗೆ ತಮ್ಮ ಮನೆಯಂಗಳದಲ್ಲಿ ಇಂಥದ್ದು ಬೇಡವಾಗಿತ್ತು. ಅದಕ್ಕೇ 1829ರಲ್ಲಿ ಗೃಹ ಸಚಿವ ರಾಬರ್ಟ್ ಪೀಲ್ ಲಂಡನ್ನಿಗೆ ಪೊಲೀಸರನ್ನು ಕೊಟ್ಟಾಗ ಅವರಿಗೆ ನೀಲಿ ಕೋಟು ಹಾಕಿಸಿದ. ಸೈನಿಕರ ಕೆಂಪು ಬಣ್ಣ ಹತ್ತಿರ ಸುಳಿಯಲಿಲ್ಲ. ಕೈಗೆ ಬಂದೂಕಿಲ್ಲ, ಒಂದು ಮರದ ದೊಣ್ಣೆ ಮಾತ್ರ.

ಆದರೆ ಇದೇ ಪೀಲ್ ಅದಕ್ಕೂ 15 ವರ್ಷ ಮೊದಲು ಇನ್ನೊಂದು ಪಡೆ ಕಟ್ಟಿದ್ದ. ಆಗ ಅವನು ಐರ್ಲೆಂಡಿನ ಆಡಳಿತದಲ್ಲಿದ್ದ. ಐರ್ಲೆಂಡ್ 1801ರಿಂದ ಕಾಗದದ ಮೇಲೆ ಬ್ರಿಟನ್ನಿನ ಭಾಗವಾಗಿತ್ತು. ನಡೆಸಿಕೊಂಡದ್ದು ಮಾತ್ರ ವಸಾಹತಿನಂತೆ. ಗೇಣಿ ರೈತರ ಗಲಾಟೆ ನಿಲ್ಲುತ್ತಿರಲಿಲ್ಲ. 1814ರ ಕಾನೂನಿನಲ್ಲಿ ಪೀಲ್ ಒಂದು ಉಪಾಯ ಹೂಡಿದ. ಯಾವ ಸೀಮೆಯಲ್ಲಿ ಗಲಾಟೆ ಎದ್ದಿದೆಯೋ ಅಲ್ಲಿಗೆ ವಿಶೇಷ ಪೊಲೀಸರನ್ನು ಕಳಿಸುವುದು, ಅವರ ಖರ್ಚನ್ನು ಆ ಸೀಮೆಯವರಿಂದಲೇ ವಸೂಲು ಮಾಡುವುದು. ಈ ಉಪಾಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ನಮ್ಮ ದೇಶಕ್ಕೂ ಬರುತ್ತದೆ.

1836ರಲ್ಲಿ ಡಬ್ಲಿನ್ನಿನಂಥ ಕೆಲವು ಪಟ್ಟಣಗಳನ್ನು ಬಿಟ್ಟು ಇಡೀ ದ್ವೀಪಕ್ಕೆ ಒಂದೇ ಐರಿಷ್ ಕಾನ್‌ಸ್ಟಾಬ್ಯುಲರಿ, ಅಂದರೆ ಪೊಲೀಸ್ ಪಡೆ ಬಂತು. 1867ರಲ್ಲಿ ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ಎದ್ದ ಫೀನಿಯನ್ನರ ಬಂಡಾಯವನ್ನು ಅಡಗಿಸಿದ್ದಕ್ಕೆ 'ರಾಯಲ್' ಎಂಬ ಗೌರವವೂ ಸಿಕ್ಕಿತು. ಇದರ ಕಟ್ಟುಪಾಡುಗಳನ್ನು ನೋಡಿದರೆ ಉದ್ದೇಶ ತಿಳಿಯುತ್ತದೆ. ಪೊಲೀಸಿನವನಿಗೆ ಅವನ ಹುಟ್ಟಿದ ಜಿಲ್ಲೆಯಲ್ಲಿ ಕೆಲಸ ಕೊಡುವಂತಿಲ್ಲ. ಹೆಂಡತಿಯ ತವರು ಜಿಲ್ಲೆಯಲ್ಲೂ ಇಲ್ಲ. ಮದುವೆಯಾಗಬೇಕಾದರೆ 7 ವರ್ಷ ಸೇವೆ ಮುಗಿದಿರಬೇಕು, ಮೇಲಿನವರ ಅಪ್ಪಣೆಯೂ ಬೇಕು. ವಾಸ ಬ್ಯಾರಕ್ಕಿನಲ್ಲಿ. ಸಮವಸ್ತ್ರದ ಬಣ್ಣ ಕಪ್ಪೇ ಅನಿಸುವಷ್ಟು ಕಡು ಹಸಿರು. ಹೆಗಲಿಗೆ ಸಣ್ಣ ಬಂದೂಕು. ತರಬೇತಿ ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲಿ, ಸೈನಿಕರ ಥರ ಕವಾಯತು.

ಪೇದೆಗಳಲ್ಲಿ ಹೆಚ್ಚಿನವರು ಕ್ಯಾಥೊಲಿಕ್ ರೈತರ ಮಕ್ಕಳು. ಅಧಿಕಾರಿಗಳಲ್ಲಿ ಹೆಚ್ಚಿನವರು ಪ್ರಾಟೆಸ್ಟೆಂಟರು. ಗೇಣಿ ಕಟ್ಟಲಾಗದ ರೈತನನ್ನು ಮನೆಯಿಂದ ಹೊರಹಾಕುವಾಗ ಕಾವಲು ನಿಲ್ಲುತ್ತಿದ್ದವರು ಈ ಪೇದೆಗಳೇ. ಜನಗಣತಿಯ ಕೆಲಸವೂ ಅವರದೇ, ಬೆಳೆಯ ಲೆಕ್ಕ ಬರೆಯುವ ಕೆಲಸವೂ ಅವರದೇ. ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದೆಲ್ಲ ಅವರಿಗೆ ಗೊತ್ತಿರುತ್ತಿತ್ತು. ತಮ್ಮಂಥ ರೈತರ ಮೇಲೆಯೇ ಕಣ್ಣಿಡಬೇಕಿದ್ದ ಆ ಹುಡುಗರ ಬಗ್ಗೆ ಓದುವಾಗ ನನಗೆ ಸಂಕಟವಾಗುತ್ತದೆ.

ಸಾಮ್ರಾಜ್ಯಕ್ಕೆ ಈ ಮಾದರಿ ಬಹಳ ಹಿಡಿಸಿತು. 1843ರಲ್ಲಿ ಸಿಂಧ್ ಗೆದ್ದ ಚಾರ್ಲ್ಸ್ ನೇಪಿಯರ್ ಅಲ್ಲಿ ಐರಿಷ್ ಪಡೆಯನ್ನು ನೋಡಿಕೊಂಡು ಪೊಲೀಸ್ ವ್ಯವಸ್ಥೆ ಮಾಡಿದ. ಸೈನ್ಯದಿಂದ ಬೇರೆ, ಆದರೆ ಶಿಸ್ತು ಸೈನ್ಯದ್ದೇ. ಹತ್ತು ವರ್ಷಗಳಲ್ಲಿ ಮುಂಬಯಿ ಪ್ರಾಂತ್ಯ ಅದೇ ದಾರಿ ಹಿಡಿಯಿತು. ಮದ್ರಾಸು 1859ರಲ್ಲಿ ಕಾಯ್ದೆ ಮಾಡಿತು. ಅಷ್ಟರಲ್ಲಿ 1857ರ ದಂಗೆ ಆಗಿತ್ತು. ಅಂಥದ್ದು ಮತ್ತೆ ಆಗಬಾರದು ಎಂಬ ಭಯ ಸರ್ಕಾರವನ್ನು ಕಾಡುತ್ತಿತ್ತು. 1860ರಲ್ಲಿ ಪೊಲೀಸ್ ಆಯೋಗ ಕೂತಿತು. 1861ರಲ್ಲಿ ಐದನೇ ಕಾಯ್ದೆ, ಅಂದರೆ ಭಾರತದ ಪೊಲೀಸ್ ಕಾಯ್ದೆ ಬಂತು. ಲಂಡನ್ನಿನ ದೊಣ್ಣೆಯ ಪೊಲೀಸು ಕಲ್ಕತ್ತಾ, ಮುಂಬಯಿಯಂಥ ದೊಡ್ಡ ಪಟ್ಟಣಗಳ ಮೇಲೆ ಸ್ವಲ್ಪ ಪ್ರಭಾವ ಬೀರಿದ. ಹಳ್ಳಿಗಾಡಿಗೆ ಬಂದದ್ದು ಐರ್ಲೆಂಡಿನವನು.

ಈ ಕಾಯ್ದೆಯ 15ನೇ ಕಲಮು ಓದಿದರೆ ಪೀಲ್‌ನ ಉಪಾಯ ಎದ್ದು ಕಾಣುತ್ತದೆ. ಗಲಭೆಯ ಪ್ರದೇಶಕ್ಕೆ ಹೆಚ್ಚುವರಿ ಪೊಲೀಸರನ್ನು ಹಾಕಬಹುದು, ಅವರ ಖರ್ಚನ್ನು ಅಲ್ಲಿನ ನಿವಾಸಿಗಳೇ ಹೊರಬೇಕು. ಕಲ್ಲು ಎಸೆದವನು ಒಬ್ಬ, ದುಡ್ಡು ಕಟ್ಟುವುದು ಊರೆಲ್ಲ. ಇಂಥ ವಸೂಲಿಗೆ ಕನ್ನಡದಲ್ಲಿ ಪುಂಡುಗಂದಾಯ ಎಂಬ ಹೆಸರೇ ಇದೆ. ನಾಲ್ಕನೇ ಕಲಮು ಜಿಲ್ಲೆಯ ಪೊಲೀಸನ್ನು ಜಿಲ್ಲಾ ಮ್ಯಾಜಿಸ್ಟ್ರೇಟನ ಅಧೀನಕ್ಕೆ ಒಪ್ಪಿಸಿತು. ಕಂದಾಯ ಎತ್ತುವ ಕಲೆಕ್ಟರನೇ ಸಾಮಾನ್ಯವಾಗಿ ಆ ಮ್ಯಾಜಿಸ್ಟ್ರೇಟ್. ಮೇಲಿನ ಹುದ್ದೆಗಳಲ್ಲಿ ಬಿಳಿಯರು, ಕೆಳಗೆ ನಮ್ಮವರು. ಪ್ರಾಟೆಸ್ಟೆಂಟ್ ಅಧಿಕಾರಿ, ಕ್ಯಾಥೊಲಿಕ್ ಪೇದೆ ಎಂಬ ಏರ್ಪಾಡು ಇಲ್ಲಿ ಬಣ್ಣದ ಮೇಲೆ ನಡೆಯಿತು.

ಕನ್ನಡದ ಸೀಮೆಗಳು ಆಗ ಹರಿದು ಹಂಚಿಹೋಗಿದ್ದವು. ಹಾಗಾಗಿ ಪೊಲೀಸ್ ಕಾನೂನೂ ಊರಿಗೊಂದು ಥರ. ಮಂಗಳೂರು, ಬಳ್ಳಾರಿಗೆ ಮದ್ರಾಸಿನ ಕಾಯ್ದೆ. ಧಾರವಾಡ, ಬೆಳಗಾವಿಗೆ ಮುಂಬಯಿಯದು. ಕಲಬುರಗಿ, ರಾಯಚೂರಿಗೆ ನಿಜಾಮರ ಪದ್ಧತಿ. ಹಳೇ ಮೈಸೂರಿನಲ್ಲಿ ಮೊದಲು ಕಂದಾಚಾರ ಎಂಬ ಪಡೆ ಇತ್ತು. ಇವತ್ತು ಆ ಪದಕ್ಕೆ ಮೂಢ ಸಂಪ್ರದಾಯ ಎಂಬ ಅರ್ಥ ಗಟ್ಟಿಯಾಗಿ ನಿಂತುಬಿಟ್ಟಿದೆ. ಆಗ ಅದು ಊರಿನಲ್ಲೇ ಇದ್ದು, ಹೊಲ ಉತ್ತು, ಕರೆದಾಗ ಕಾವಲಿಗೆ ಬರುವವರ ದಂಡಿನ ಹೆಸರು. ಅದರ ಪಕ್ಕದಲ್ಲಿ ಊರಿನ ತಳವಾರ, ತೋಟಿ. ಅವರೆಲ್ಲ ನ್ಯಾಯವಂತರೇ ಆಗಿದ್ದರು ಎಂದು ನಾನು ಹೇಳುವುದಿಲ್ಲ. ಊರ ಗೌಡನ ಮಾತಿಗೆ ಕುಣಿಯುವುದೂ ಇತ್ತು. ಆದರೆ ಅವರು ಊರಿನವರು, ಹೆಸರು ಹಿಡಿದು ಕರೆಯಬಹುದಾದವರು. ಹೊಸ ಪೊಲೀಸ್ ಬೇರೆ ಕಡೆಯಿಂದ ಬಂದು, ಪೊಲೀಸರ ವಸತಿಸಾಲಾದ ಲೈನಿನಲ್ಲಿ ಇದ್ದು, ವರ್ಗವಾಗಿ ಹೋಗುವವನು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಬಾವುಟಕ್ಕಾಗಿ ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದ್ದು ಮೈಸೂರಿನ ಪೊಲೀಸರೇ.

ಈ ವ್ಯವಸ್ಥೆ ಕೆಟ್ಟಿದೆ ಎಂದು ಮೊದಲು ಬರೆದವರು ನಮ್ಮ ಹೋರಾಟಗಾರರು ಮಾತ್ರ ಎಂದುಕೊಳ್ಳಬೇಡಿ. 1902ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಆಂಡ್ರ್ಯೂ ಫ್ರೇಸರ್ ಆಯೋಗವೇ ಪೊಲೀಸರನ್ನು ಜನ ಭ್ರಷ್ಟರು, ದಬ್ಬಾಳಿಕೆ ಮಾಡುವವರು ಎಂದು ಕಾಣುತ್ತಾರೆ ಎಂದು ಸರ್ಕಾರಕ್ಕೆ ತಿಳಿಸಿತು. ಕಾಯ್ದೆ ಹಾಗೇ ಉಳಿಯಿತು. ಸ್ವಾತಂತ್ರ್ಯ ಬಂದ ಮೇಲೂ ಉಳಿಯಿತು. ನಮ್ಮ ರಾಜ್ಯಕ್ಕೆ ಒಂದೇ ಪೊಲೀಸ್ ಕಾಯ್ದೆ ಆದದ್ದು 1963ರಲ್ಲಿ. ಕಾಯ್ದೆ ಹೊಸದು, ಆದರೆ ಮೀಸಲು ಪಡೆ, ಲೈನು, ಕವಾಯತು ಎಲ್ಲ ಹಳೆಯವೇ. 2006ರ ಸೆಪ್ಟೆಂಬರಿನಲ್ಲಿ, ನಿವೃತ್ತ ಪೊಲೀಸ್ ಅಧಿಕಾರಿ ಪ್ರಕಾಶ್ ಸಿಂಗ್ ಪೊಲೀಸ್ ಸುಧಾರಣೆಗಾಗಿ ಹೂಡಿದ್ದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ 7 ನಿರ್ದೇಶನ ಕೊಟ್ಟಿತು. ಠಾಣಾಧಿಕಾರಿಯನ್ನು 2 ವರ್ಷವಾದರೂ ಒಂದೇ ಕಡೆ ಇರಗೊಡಿ ಎಂಬುದೂ ಅದರಲ್ಲಿ ಒಂದು. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಅದೇ. ಎರಡು ವರ್ಷ ಇದ್ದರೆ ಜನರ ಮುಖವಾದರೂ ಗುರುತು ಸಿಗುತ್ತದೆ.

ಐರಿಷ್ ಪಡೆಯ ಕೊನೆ ರಕ್ತದಲ್ಲಿ ಆಯಿತು. 1919ರಲ್ಲಿ ಐರ್ಲೆಂಡಿನ ಬಂಡಾಯ ಸಂಸತ್ತು ಪೊಲೀಸರಿಗೆ ಬಹಿಷ್ಕಾರ ಹಾಕಿತು. ಮಾತುಕತೆ ನಿಂತಿತು, ಅಂಗಡಿಯವರು ಸಾಮಾನು ಕೊಡಲು ಹಿಂಜರಿದರು. ನೂರಾರು ಪೊಲೀಸರು ಕೊಲೆಯಾದರು. ರೈತರ ಮಕ್ಕಳು ರಾಜೀನಾಮೆ ಕೊಟ್ಟು ಹೋದರು. ಆ ಜಾಗಕ್ಕೆ ಬ್ರಿಟನ್ನಿನಿಂದ ಮಾಜಿ ಸೈನಿಕರು ಬಂದರು. ಅರ್ಧ ಖಾಕಿ, ಅರ್ಧ ಕಡು ಹಸಿರು ಬಟ್ಟೆಯ ಅವರನ್ನು ಜನ 'ಬ್ಲ್ಯಾಕ್ ಆ್ಯಂಡ್ ಟ್ಯಾನ್ಸ್', ಅಂದರೆ ಕಪ್ಪು-ಕಂದಿನವರು ಎಂದರು. ಅವರು ಊರುಗಳಿಗೆ ಬೆಂಕಿ ಇಟ್ಟರು. 1922ರಲ್ಲಿ ಪಡೆಯೇ ಇಲ್ಲವಾಯಿತು. ಕೆಲಸ ಕಳೆದುಕೊಂಡವರಲ್ಲಿ ನೂರಾರು ಜನ ಪ್ಯಾಲೆಸ್ತೀನಿಗೆ ಹೋಗಿ ಅಲ್ಲಿನ ಬ್ರಿಟಿಷ್ ಜೆಂಡಾರ್ಮರಿ ಸೇರಿದರು.

ಅದೇ 1922ರಲ್ಲಿ, ಅಂತರ್ಯುದ್ಧ ನಡೆಯುತ್ತಿರುವಾಗಲೇ, ಹೊಸ ಐರಿಷ್ ಸರ್ಕಾರ ತನ್ನ ಪೊಲೀಸರಿಗೆ ಬಂದೂಕು ಬೇಡ ಎಂದು ನಿರ್ಧರಿಸಿತು. ಆ ಪಡೆಯ ಹೆಸರು ಗಾರ್ಡಾ ಶಿಖಾನಾ. ಅದರ ಎಷ್ಟೋ ಠಾಣೆಗಳು ಹಳೆಯ ಬ್ಯಾರಕ್ಕುಗಳಲ್ಲೇ ಶುರುವಾದವು. ಸಮವಸ್ತ್ರ ಹಾಕಿದ ಗಾರ್ಡಾಗಳಲ್ಲಿ ಹೆಚ್ಚಿನವರು ಇವತ್ತಿಗೂ ಬಂದೂಕಿಲ್ಲದೆ ಬೀದಿಗೆ ಇಳಿಯುತ್ತಾರೆ.