ಫ್ಯೂಸರ್ ಕಟ್ಟಲು ಹೊರಟವರಿಗೆ: ಮೊದಲು ನೀರನ್ನು ಓಡಿಸಿ

ಜೂನ್ ತಿಂಗಳಲ್ಲಿ ಕಾಸರಗೋಡಿನ ಬದಿಯಡ್ಕದ ನಮ್ಮ ಮನೆಯಲ್ಲಿ ಕರಿದ ಹಪ್ಪಳವನ್ನು ಡಬ್ಬಿಯಿಂದ ಹೊರಗಿಟ್ಟರೆ ಊಟ ಮುಗಿಯುವುದರೊಳಗೆ ಮೆತ್ತಗಾಗಿರುತ್ತದೆ. ಪರಮಾಣು ಸಮ್ಮಿಳನ, ಅಂದರೆ ಹಗುರ ಪರಮಾಣುಗಳ ನಡುವಿನ ಬೀಜಗಳನ್ನು ಬೆಸೆಯುವುದನ್ನು, ಕಲಿಯಲು ಹೊರಟ ನನ್ನನ್ನು ಒಂದು ವಾರ ಕಾಡಿದ್ದು ಗಾಳಿಯಲ್ಲಿರುವ ಆ ತೇವವೇ. ಹಾಗಾಗಿ ಈ ಟಿಪ್ಪಣಿಯ ಹೆಚ್ಚಿನ ಭಾಗ ನಿರ್ವಾತದ ಬಗ್ಗೆ.

ಮೊದಲು ಯಂತ್ರ ಏನೆಂದು ನೋಡೋಣ. ಹವ್ಯಾಸಿಗಳು ಕಟ್ಟುವ ಸಮ್ಮಿಳನ ಯಂತ್ರದ ಹೆಸರು ಫ್ಯೂಸರ್. 1927ರಲ್ಲಿ ಎಲೆಕ್ಟ್ರಾನಿಕ್ ಟೆಲಿವಿಷನ್‌ನಲ್ಲಿ ಚಿತ್ರ ಮೂಡಿಸಿದ ಅಮೆರಿಕದ ಫೈಲೊ ಫಾರ್ನ್ಸ್‌ವರ್ತ್ ಇದನ್ನು ಯೋಚಿಸಿದ. 1960ರ ದಶಕದಲ್ಲಿ ರಾಬರ್ಟ್ ಹರ್ಷ್ ಅದನ್ನು ಬೆಳೆಸಿದ. ಟಿವಿಯವನ ತಲೆಗೆ ಇದು ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ. ಹಳೆಯ ದಪ್ಪ ಟಿವಿಯ ಪಿಕ್ಚರ್ ಟ್ಯೂಬಿನೊಳಗೆ ಇದ್ದದ್ದೂ ನಿರ್ವಾತ, ಸಾವಿರಾರು ವೋಲ್ಟ್ ಮತ್ತು ಓಡುವ ಕಣಗಳು.

ಗಾಳಿ ತೆಗೆದ ಲೋಹದ ಪಾತ್ರೆಯ ನಡುವೆ ತಂತಿಯ ಪಂಜರದಂಥ ಗ್ರಿಡ್ ಇರುತ್ತದೆ. ಅದಕ್ಕೆ ಋಣ ವೋಲ್ಟೇಜು ಕೊಡುತ್ತಾರೆ. ಪಾತ್ರೆಗೆ ತುಸುವೇ ಡ್ಯುಟೀರಿಯಂ (ಭಾರವಾದ ಹೈಡ್ರೊಜನ್) ಅನಿಲ ಬಿಟ್ಟರೆ ಅದು ಅಯಾನುಗಳಾಗಿ, ಅಂದರೆ ವಿದ್ಯುದಾವೇಶವಿರುವ ಕಣಗಳಾಗಿ, ಒಡೆಯುತ್ತದೆ. ಅಯಾನು ಧನ, ಗ್ರಿಡ್ ಋಣ. ಆದ್ದರಿಂದ ಅಯಾನುಗಳು ನಡುವಿಗೆ ನುಗ್ಗುತ್ತವೆ. ಬಹಳಷ್ಟು ತಂತಿಗೆ ಬಡಿಯದೆ ಸಂದಿಯಲ್ಲಿ ತೂರಿ ಆಚೆ ಹೋಗಿ, ಉಯ್ಯಾಲೆಯಂತೆ ಮತ್ತೆ ಹಿಂದಕ್ಕೆ ಬರುತ್ತವೆ. ಹೀಗೆ ಓಡಾಡುವಾಗ ಎಲ್ಲೋ ಒಂದೆರಡು ಡ್ಯುಟೀರಿಯಂ ಬೀಜಗಳು ಬೆಸೆದುಕೊಳ್ಳುತ್ತವೆ. ಸುಮಾರು ಅರ್ಧದಷ್ಟು ಸಲ ಟ್ರೀಟಿಯಂ (ಇನ್ನೂ ಭಾರವಾದ ಹೈಡ್ರೊಜನ್) ಮತ್ತು ಪ್ರೋಟಾನ್ ಹುಟ್ಟುತ್ತವೆ. ಉಳಿದರ್ಧ ಸಲ ಹೀಲಿಯಂ-3 ಜೊತೆಗೆ 2.45 ಎಂಇವಿ (ಸುಮಾರು 24.5 ಲಕ್ಷ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯ ನ್ಯೂಟ್ರಾನ್ ಹೊರಬೀಳುತ್ತದೆ. ಸಮ್ಮಿಳನ ಆಗಿದೆ ಎನ್ನಲು ಹವ್ಯಾಸಿಗಳು ಮುಂದಿಡುವ ಸಾಕ್ಷಿ ಈ ನ್ಯೂಟ್ರಾನ್. ಪಾತ್ರೆಯೊಳಗೆ ಕಾಣುವ ನೇರಳೆ ಬೆಳಕು ಸಾಕ್ಷಿಯಲ್ಲ. ಬರೀ ಗಾಳಿಯಲ್ಲೂ ಅಂಥ ಬೆಳಕು ಬರುತ್ತದೆ.

ಕಣಗಳ ಈ ಶಕ್ತಿಯನ್ನು ತಾಪವಾಗಿ ಹೇಳುವುದಾದರೆ, ಒಂದು ಎಲೆಕ್ಟ್ರಾನ್ ವೋಲ್ಟ್ (ಒಂದು ವೋಲ್ಟ್ ದಾಟಿದ ಎಲೆಕ್ಟ್ರಾನಿಗೆ ಸಿಗುವ ಶಕ್ತಿ) ಅಂದರೆ ಸುಮಾರು 11,600 ಕೆಲ್ವಿನ್. 20,000 ವೋಲ್ಟಿಗೆ ಗುಣಿಸಿದರೆ 23 ಕೋಟಿ ದಾಟುತ್ತದೆ. ಸೂರ್ಯನ ಒಡಲಲ್ಲಿ ಇರುವುದು ಒಂದೂವರೆ ಕೋಟಿ. ಆದರೆ ಇದನ್ನು ‘ಸೂರ್ಯನಿಗಿಂತ ಬಿಸಿ’ ಎಂದು ಓದಬೇಡಿ. ಇಲ್ಲಿ ಕೆಲವು ಕಣಗಳಿಗೆ ಆ ವೇಗವಿದೆ ಅಷ್ಟೆ, ಇಡೀ ಅನಿಲಕ್ಕೆ ಆ ತಾಪವಿಲ್ಲ. ವಿದ್ಯುತ್ತಿನ ಲೆಕ್ಕವನ್ನೂ ಮಾಡಿ ನೋಡಿ. ಸೆಕೆಂಡಿಗೆ 10 ಲಕ್ಷ ನ್ಯೂಟ್ರಾನ್ ಬಂದರೆ ಸಮ್ಮಿಳನ 20 ಲಕ್ಷ. ಅದರ ಶಕ್ತಿ ಸುಮಾರು ಒಂದು ಮೈಕ್ರೊವಾಟ್. ಅದಕ್ಕೆ ತುಂಬಬೇಕಾದದ್ದು, ಉದಾಹರಣೆಗೆ, 30,000 ವೋಲ್ಟ್, 10 ಮಿಲಿ ಆಂಪಿಯರ್, ಅಂದರೆ 300 ವಾಟ್. ಇದರಿಂದ ಮನೆಯ ದೀಪ ಉರಿಯುವುದಿಲ್ಲ. ಕಲಿಯಲು ಮಾತ್ರ ಇದರಷ್ಟು ಒಳ್ಳೆಯ ಯಂತ್ರ ನನಗೆ ಬೇರೆ ಕಂಡಿಲ್ಲ.

ಈಗ ನಿರ್ವಾತ. ಟಾರ್ ಮತ್ತು ಮೈಕ್ರಾನ್ ಇಲ್ಲಿ ಒತ್ತಡದ ಅಳತೆಗಳು; ಒಂದು ಟಾರ್ ಎಂದರೆ ಸಾವಿರ ಮೈಕ್ರಾನ್. ವಾತಾವರಣದ ಒತ್ತಡ 760 ಟಾರ್, ಅಂದರೆ 7,60,000 ಮೈಕ್ರಾನ್. ಫ್ಯೂಸರ್‌ಗೆ ಬೇಕಾದದ್ದು ಸುಮಾರು 10 ಮೈಕ್ರಾನ್. ಯಾಕೆ ಅಷ್ಟು ಕಡಿಮೆ? ಹೊರಗಿನ ಗಾಳಿಯಲ್ಲಿ ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯದೆ ಸಾಗುವ ದೂರ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. 10 ಮೈಕ್ರಾನಿನಲ್ಲಿ ಅದು ಸುಮಾರು 5 ಮಿಲಿಮೀಟರ್. ಓಡಲು ಜಾಗವಿದ್ದರಷ್ಟೇ ಅಯಾನಿಗೆ ವೇಗ ಬರುತ್ತದೆ. ಅನಿಲವನ್ನು ಪೂರ್ತಿ ತೆಗೆದುಬಿಟ್ಟರೆ ಬೆಸೆಯಲು ಡ್ಯುಟೀರಿಯಮ್ಮೇ ಉಳಿಯುವುದಿಲ್ಲ. ಮೊದಲು ಚೆನ್ನಾಗಿ ಖಾಲಿ ಮಾಡಿ, ಆಮೇಲೆ ಬೇಕಾದ ಅನಿಲವನ್ನು ಅಳೆದು ಬಿಡುವುದು ಇದಕ್ಕೇ.

ನನ್ನ ಅಭ್ಯಾಸ ನಡೆದದ್ದು ಕಾಲೇಜಿನ ಹಳೆಯ ಬೆಲ್ ಜಾರ್‌ನಲ್ಲಿ, ಮೇಲೆ ಕಬ್ಬಿಣದ ಜಾಲರಿ ಮುಚ್ಚಿ. ನಿರ್ವಾತದಲ್ಲಿ ಶಬ್ದ ಕೇಳಿಸದು ಎಂದು ತೋರಿಸಲು ಗಂಟೆ ಇಡುತ್ತಾರಲ್ಲ, ಅದೇ ಗಾಜಿನ ಜಾರ್. ಪಂಪು ಮತ್ತು ಮೈಕ್ರಾನ್ ಮೀಟರನ್ನು ಉಪ್ಪಳದ ಒಬ್ಬ ಎಸಿ ಮೆಕ್ಯಾನಿಕ್ ಅಣ್ಣ ಕೊಟ್ಟರು. ಎಸಿಯ ಪೈಪಿಗೆ ಗ್ಯಾಸ್ ತುಂಬುವ ಮೊದಲು ಅವರು 500 ಮೈಕ್ರಾನಿಗೆ ಇಳಿಸುವುದು ಇದೇ ಪಂಪಿನಲ್ಲಿ.

ಜಾರನ್ನು ತೊಳೆದು, ಬಟ್ಟೆಯಲ್ಲಿ ಒರಸಿ ಕೂರಿಸಿದೆ. ಪಂಪು ಓಡಿಸಿದರೆ ಮೀಟರಿನ ಅಂಕೆ 180 ಮೈಕ್ರಾನಿಗೆ ಬಂದು ನಿಂತಿತು. ಎಷ್ಟು ಹೊತ್ತು ಓಡಿಸಿದರೂ ಇಳಿಯಲಿಲ್ಲ. ಎಲ್ಲೋ ಲೀಕ್ ಇದೆ ಎಂದುಕೊಂಡು ಮೂರು ದಿನ ಒಂದೊಂದೇ ಜೋಡಣೆ ಬಿಚ್ಚಿ ಗ್ರೀಸ್ ಹಚ್ಚಿದೆ. ನಾಲ್ಕನೆಯ ದಿನ ಆ ಮೆಕ್ಯಾನಿಕ್ ಅಣ್ಣನೇ ಬಂದು ವಾಲ್ವ್ ಮುಚ್ಚಿ, ಪಂಪು ನಿಲ್ಲಿಸಿ, ಮೀಟರನ್ನು ಹತ್ತು ನಿಮಿಷ ಸುಮ್ಮನೆ ನೋಡಿದರು. 180, 420, 560, 610, 630. “ಇದು ಲೀಕಲ್ಲ ಮಾರಾಯ. ಲೀಕಾದ್ರೆ ಒಂದೇ ಸಮ ಏರ್ತಾ ಹೋಗ್ತದೆ. ಇದು ಏರಿ ನಿಲ್ತದೆ. ಒಳಗೆ ನೀರುಂಟು,” ಎಂದರು. ಪಂಪಿನ ಕಿಟಕಿ ತೋರಿಸಿದರು. ಜೇನಿನ ಬಣ್ಣವಿರಬೇಕಾದ ಎಣ್ಣೆ ನೀರುಮಜ್ಜಿಗೆಯಂತೆ ಬೆಳ್ಳಗಾಗಿತ್ತು.

ಮನೆಗೆ ಬಂದು ಲೆಕ್ಕ ಹಾಕಿದೆ. ಒಂದು ಹನಿ ನೀರೆಂದರೆ 0.05 ಗ್ರಾಂ. 27 ಡಿಗ್ರಿಯಲ್ಲಿ, 10 ಮೈಕ್ರಾನ್ ಒತ್ತಡದಲ್ಲಿ ಅದು ಪೂರ್ತಿ ಆವಿಯಾದರೆ ಸುಮಾರು 5,200 ಲೀಟರ್ ಜಾಗ ತುಂಬುತ್ತದೆ. ನಮ್ಮ ಜಾರ್ ಹತ್ತು ಲೀಟರಿನದು. ಗಾಜಿಗೆ ಅಂಟಿದ, ಕಣ್ಣಿಗೆ ಕಾಣದ ತೇವದ ಪೊರೆ, ರಬ್ಬರ್ ಗ್ಯಾಸ್ಕೆಟ್ ಕುಡಿದ ನೀರು, ಬೆರಳಿನ ಜಿಡ್ಡು, ಎಲ್ಲವೂ ಹೀಗೆ ಗಂಟೆಗಟ್ಟಲೆ ಅನಿಲ ಬಿಡುತ್ತಲೇ ಇರುತ್ತವೆ. ಕಾಸರಗೋಡಿನ ಮಳೆಗಾಲದಲ್ಲಿ ಈ ಕೆಲಸ ಮಾಡುವವರು ಬೇರೆಲ್ಲಕ್ಕಿಂತ ಮೊದಲು ಈ ವಾಲ್ವ್ ಪರೀಕ್ಷೆ ಕಲಿಯಬೇಕು. ಓದಿದ ಅಂಕೆಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ. ನೇರ ಗೆರೆ ಬಂದರೆ ತೂತು ಹುಡುಕಿ; ಬಾಗಿ ಮಟ್ಟಸವಾದರೆ ಒಣಗಿಸಿ.

ವೋಲ್ಟೇಜಿನ ಬಗ್ಗೆ ನನ್ನ ಮಾತು ಗಟ್ಟಿ: ಮನೆಯಲ್ಲಿ, ಒಬ್ಬರೇ, ಬೇಡ. ನಿಯಾನ್ ಬೋರ್ಡಿನ ಟ್ರಾನ್ಸ್‌ಫಾರ್ಮರ್ ಕೂಡ ಕೊಲ್ಲುತ್ತದೆ. ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ, ಒಮ್ಮೆ ಖಾಲಿ ಮಾಡಿದರೂ ತುಸು ಮರಳಿ ಬರುತ್ತದೆ. ವೋಲ್ಟೇಜು ಏರಿದಂತೆ ಎಲೆಕ್ಟ್ರಾನುಗಳು ಗೋಡೆಗೆ ಬಡಿದು ಎಕ್ಸ್-ರೇ ಹುಟ್ಟಿಸುತ್ತವೆ, ನೋಡುವ ಗಾಜಿನ ಕಿಂಡಿಯಿಂದ ಅದು ಹೊರಗೆ ಬರುತ್ತದೆ. ನ್ಯೂಟ್ರಾನಿಗೆ ಸೀಸ ಅಡ್ಡಿಯಲ್ಲ. ಅದನ್ನು ನಿಧಾನಿಸಲು ಹೈಡ್ರೊಜನ್ ಹೆಚ್ಚಿರುವ ನೀರು, ಪ್ಯಾರಾಫಿನ್ ಮೇಣದಂಥವು ಬೇಕು. ವಿಕಿರಣ ಹೊಮ್ಮಿಸುವ ಉಪಕರಣ ನಡೆಸಲು ನಮ್ಮ ದೇಶದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. 2004ರ ವಿಕಿರಣ ರಕ್ಷಣಾ ನಿಯಮಗಳನ್ನು ಓದಿಕೊಳ್ಳಿ. ಹಾಗಾಗಿ ನಾನು ಡ್ಯುಟೀರಿಯಂ ಮುಟ್ಟಿಲ್ಲ, ಮುಟ್ಟುವ ಅವಸರವೂ ಇಲ್ಲ.

ಆ ವಾರ ಗ್ಯಾಸ್ಕೆಟ್ ಬದಲಿಸಿದೆ, ಪಂಪಿನ ಎಣ್ಣೆ ಚೆಲ್ಲಿ ಹೊಸತು ಹಾಕಿದೆ. ಜಾರಿನ ಒಳಭಾಗವನ್ನು ಕೈಗವಸು ಹಾಕಿಕೊಂಡು ಆಲ್ಕೊಹಾಲಿನಲ್ಲಿ ಒರಸಿ, 100 ವಾಟಿನ ಬಲ್ಬಿನ ಪಕ್ಕ ಒಂದು ರಾತ್ರಿ ಒಣಗಲು ಇಟ್ಟೆ. ಮರುದಿನ ನಾಲ್ಕು ಗಂಟೆ ಪಂಪು ಓಡಿದ ಮೇಲೆ ಮೀಟರ್ 34 ತೋರಿಸಿತು. ಹೊರಗೆ ಮಳೆ ಸುರಿಯುತ್ತಲೇ ಇತ್ತು. ಈಗ ಆ 34 ಅನ್ನು 20ಕ್ಕೆ ಇಳಿಸುವ ಕೆಲಸ ನಡೆದಿದೆ.